ಅವ್ವನಿಗೆ ಬಂದಿದ್ದ ಕರೆ

ನಾನು ಹುಟ್ಟುವ ಮುಂಚೆ ನಮ್ಮವ್ವ ಎರಡು ಕೂಸುಗಳನ್ನು ಕಳೆದುಕೊಂಡಿದ್ದಳು. ಮತ್ತೆ ಬಸುರಾದಾಗ, ಕೆ.ಜಿ.ಎಫ್.ನ ಕಾರ್ಖಾನೆ ಕ್ವಾರ್ಟರ್ಸಿನ ಸಣ್ಣ ಅಡುಗೆಮನೆಯಲ್ಲಿ ಮೊಣಕಾಲೂರಿ, "ಈ ಕೂಸು ಉಳಿದ್ರ ನಿನ್ನ ಸೇವಾಕ್ಕ ಕೊಡ್ತೀನಿ ಕರ್ತನೇ" ಎಂದು ಹರಕೆ ಹೊತ್ತಳಂತೆ. ನಾನು ಉಳಿದೆ. ಹೀಗಾಗಿ ನನಗೆ ಬುದ್ಧಿ ಬರುವ ಮೊದಲೇ ನನ್ನ ಬದುಕಿಗೆ ದೇವರದೊಂದು ಉದ್ದೇಶವಿತ್ತು. ಅದು ಏನೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅಪ್ಪ ಗದಗಿನ ಕಡೆಯವರು. ಕಾರ್ಖಾನೆಯಲ್ಲಿ ವೆಲ್ಡರ್ ಕೆಲಸ ಸಿಕ್ಕಿತೆಂದು ಅವ್ವನನ್ನು ಕರೆದುಕೊಂಡು ಈ ಊರಿಗೆ ಬಂದವರು. ನಮ್ಮ ಮನೆಯ ಹೊಸ್ತಿಲೊಳಗೆ ಗದಗಿನ ಕನ್ನಡ, ದಾಟಿದರೆ ತಮಿಳು, ಹಾಲು ತರಕಾರಿ ಹೊತ್ತು ತರುವವರ ಬಾಯಲ್ಲಿ ತೆಲುಗು ಬೆರೆತ ಕೋಲಾರದ ಕನ್ನಡ. ಭಾನುವಾರ ಗಣಿಯವರ ಬಡಾವಣೆಯಾದ ಊರಿಗಾಂನಲ್ಲಿ ತಮಿಳು ಆರಾಧನೆ ಮುಗಿದು ಜನ ಹೊರಗೆ ಬಂದ ಮೇಲೆ ಅದೇ ಚರ್ಚಿನೊಳಗೆ ನಮ್ಮ ಕನ್ನಡ ಆರಾಧನೆ ಶುರುವಾಗುತ್ತಿತ್ತು. ಅಲ್ಲಿ ಹೊಸಬರು ಯಾರು ಬಂದರೂ ಅವ್ವ ನನ್ನ ಹೆಗಲ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳುತ್ತಿದ್ದಳು. "ಇಕಿ ದೇವರ ಕೂಸ್ರಿ. ಇಕಿ ಮ್ಯಾಲೆ ದೇವರದೊಂದು ಕರೆ ಐತಿ."

ಆ ಕರೆಯನ್ನು ಅವ್ವ ಸಸಿ ಸಾಕಿದ ಹಾಗೆ ಸಾಕಿದಳು. ಬೆಳಿಗ್ಗೆ ಎದ್ದ ಕೂಡಲೇ ಬೈಬಲ್ಲಿನ ಒಂದು ವಾಕ್ಯ ಬಾಯಿಪಾಠ ಮಾಡಿಸುವಳು. ಪಾತ್ರೆಗೆ ಕೈ ಹಾಕಲು ಹೋದರೆ, "ನೀ ಬ್ಯಾಡ, ನೀ ಓದು" ಎನ್ನುವಳು. ಬಂಗಾರಪೇಟೆಯಲ್ಲಿ ವಿಶೇಷ ಕೂಟವಿದೆಯೆಂದು ಕೇಳಿದರೆ ಸಾಕು, ಮಾರಿಕುಪ್ಪಂ ಕಡೆಯಿಂದ ಬರುವ ರೈಲಿಗೆ ನನ್ನನ್ನು ಹತ್ತಿಸಿ, ಬುತ್ತಿ ಕಟ್ಟಿಕೊಂಡು ಹೊರಡುವಳು. ಬಂದ ಪ್ರಸಂಗಿಗಳೆಲ್ಲರೂ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕು. ಎಷ್ಟೋ ಕೈಗಳು ನನ್ನ ನೆತ್ತಿಯ ಮೇಲೆ ಕೂತು ಎದ್ದವು. ನಾನು ಕಣ್ಣು ಮುಚ್ಚಿ ಕಾಯುತ್ತಿದ್ದೆ, ಒಳಗೆ ಏನಾದರೂ ಅಲ್ಲಾಡುತ್ತದೆಯೇನೋ ಎಂದು. ಕಣ್ಣು ತೆರೆದರೆ ಅವ್ವನ ಮುಖ. ಅಷ್ಟು ಆಸೆಯಿಂದ ನೋಡುವವಳಿಗೆ ಏನೂ ಆಗಲಿಲ್ಲವೆಂದು ಹೇಗೆ ಹೇಳುವುದು?

ಅವ್ವನಿಗೆ ಇನ್ನೊಂದು ಕೆಲಸವಿತ್ತು. ಅದಕ್ಕೆ ಅವಳು ಹೆಸರಿಟ್ಟಿರಲಿಲ್ಲ. ಊರಿಗಾಂನ ಗಣಿ ಕಾರ್ಮಿಕರ ಲೈನು ಮನೆಗಳಲ್ಲಿ ಯಾರಾದರೂ ತೀರಿಹೋದರೆ ನಮ್ಮ ಮನೆಗೆ ಹೇಳಿ ಕಳುಹಿಸುತ್ತಿದ್ದರು. ಅದು ಹೇಗೆ ಶುರುವಾಯಿತೋ ನನಗೆ ಗೊತ್ತಿಲ್ಲ. ಅವ್ವ ಮಾಡುತ್ತಿದ್ದ ಕೆಲಸ ಅಲ್ಲಿಗೇ ಬಿಟ್ಟು, ಹಿಡಿಕೆಯ ಸ್ಟೀಲ್ ಡಬ್ಬಿ ತುಂಬ ಕಾಫಿ ಮಾಡಿ, ಒಂದು ಮೆತ್ತನೆಯ ಹಳೇ ಸೀರೆ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟುಬಿಡುತ್ತಿದ್ದಳು. ನಮ್ಮ ಸಭೆಯವರ ಮನೆಯಾದರೆ ದೇಹ ತೊಳೆಯುವುದರಿಂದ ಹಿಡಿದು ಎಲ್ಲಕ್ಕೂ ಕೈ ಹಾಕುವಳು. ಹಿಂದೂಗಳ ಮನೆಯಾದರೆ ಅವರ ಶಾಸ್ತ್ರಕ್ಕೆ ಅಡ್ಡ ಬರದೆ ಒಂದು ಮೂಲೆಯಲ್ಲಿ ಕೂತು, ಅಳುವವರಿಗೆ ಕಾಫಿ ಕುಡಿಸುವಳು, ಹಸಿದ ಮಕ್ಕಳನ್ನು ಪಕ್ಕದ ಮನೆಗೆ ಕರೆದುಕೊಂಡು ಹೋಗಿ ಉಣ್ಣಿಸುವಳು.

ಒಂದು ಸಲ ನನ್ನನ್ನು ಬಿಟ್ಟು ಹೋಗಲು ಮನೆಯಲ್ಲಿ ಯಾರೂ ಇರಲಿಲ್ಲವಾಗಿ ಕರೆದುಕೊಂಡು ಹೋದಳು. ಎದೆಯಲ್ಲಿ ಗಣಿಯ ಧೂಳು ಕೂತು ವರ್ಷಗಟ್ಟಲೆ ಕೆಮ್ಮಿ ಸತ್ತ ಒಬ್ಬರ ಮನೆ. ಒಂದೇ ಕೋಣೆ, ತಗ್ಗು ಸೂರು, ಬೆಳಗಿನ ಬಿಸಿಲು ಬಾಗಿಲಿನಿಂದ ಒಳಗೆ ಬಂದು ಸತ್ತವರ ಪಾದದ ಮೇಲೆ ಬಿದ್ದಿತ್ತು. ಅವರ ಹೆಂಡತಿ ಅಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಗೋಡೆ ನೋಡುತ್ತ ಕೂತಿದ್ದರು. ಬಂದವರೆಲ್ಲ "ಅಳಮ್ಮಾ, ಅತ್ತುಬಿಡು" ಎಂದು ತಮಿಳಿನಲ್ಲಿ ಹೇಳಿ ಹೇಳಿ ಸೋತಿದ್ದರು. ಅವ್ವ ಹೋಗಿ ಅವರ ಪಕ್ಕ ಕೂತಳು. ಏನೂ ಹೇಳಲಿಲ್ಲ. ತುಂಬ ಹೊತ್ತಾದ ಮೇಲೆ ಆ ಹೆಂಗಸಿನ ಬಿಚ್ಚಿದ ಕೂದಲನ್ನು ಬೆರಳಿನಿಂದಲೇ ಬಿಡಿಸಿ, ಗಂಟು ಹಾಕಿದಳು. ಆಗ ಆಕೆ "ಅಕ್ಕಾ" ಎಂದು ಒಂದೇ ಕೂಗು ಕೂಗಿ ಅವ್ವನ ಮಡಿಲಿಗೆ ಬಿದ್ದರು.

ನಾನು ಬಾಗಿಲ ಹತ್ತಿರ ನಿಂತಿದ್ದೆ. ಈ ಕೋಣೆಯಲ್ಲಿ ಇನ್ಯಾರೋ ಇದ್ದಾರೆ ಅನ್ನಿಸಿತು. ಹೆದರಿಕೆಯಾಗಲಿಲ್ಲ. ಚರ್ಚಿನಲ್ಲಿ ಎಷ್ಟು ಕಣ್ಣು ಮುಚ್ಚಿದರೂ ಸಿಗದಿದ್ದದ್ದು ಅಲ್ಲಿ ಕಣ್ಣು ಬಿಟ್ಟುಕೊಂಡೇ ಸಿಕ್ಕಿತ್ತು. ಆದರೆ ನಾನಿನ್ನೂ ಚಿಕ್ಕವಳು. ಅದಕ್ಕೆ ಏನೆನ್ನಬೇಕೆಂದು ತಿಳಿಯಲಿಲ್ಲ.

ಹೈಸ್ಕೂಲಿನಲ್ಲಿದ್ದಾಗ ಬಂಗಾರಪೇಟೆಯ ಒಂದು ಕೂಟಕ್ಕೆ ವಯಸ್ಸಾದ ಪ್ರಸಂಗಿಯೊಬ್ಬರು ಬಂದಿದ್ದರು. ಒಳ್ಳೆಯ ಮನುಷ್ಯ, ಮೆಲುದನಿ. ಆ ದಿನ ಹೊರಡುವ ಹೊತ್ತಿಗೆ ಲೈನಿನಿಂದ ಅವ್ವನಿಗೆ ಕರೆ ಬಂದು ಅವಳು ಅತ್ತ ಹೋದದ್ದರಿಂದ ನಾನು ಅಪ್ಪನ ಜೊತೆ ಮೊದಲು ಹೋಗಿದ್ದೆ. ಕೂಟ ಮುಗಿಯುವ ಹೊತ್ತಿಗೆ ಅವ್ವ ಓಡುತ್ತ ಬಂದಳು. ಸೀರೆಯ ಸೆರಗು ಒದ್ದೆ, ಮೈಯೆಲ್ಲ ಸಾಬೂನಿನ ವಾಸನೆ. ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದಳು.

"ಅಯ್ಯನವರ, ನನ್ನ ಮಗಳಿಗೆ ಕರೆ ಐತ್ರಿ. ಪ್ರಾರ್ಥನಿ ಮಾಡ್ರಿ."

ಅವರು ನನ್ನನ್ನು ನೋಡಿದರು, ಆಮೇಲೆ ಅವ್ವನನ್ನು. "ನೀವು ಏನು ಸೇವೆ ಮಾಡ್ತೀರಮ್ಮಾ?" ಎಂದರು.

ಅವ್ವ ನಾಚಿಕೊಂಡಳು. ಒದ್ದೆ ಸೆರಗನ್ನು ಹಿಂಡುತ್ತ, "ನಂದೇನೈತ್ರಿ? ಮನಿ, ಅಡಗಿ. ನಾ ಓದಿದಾಕಿ ಅಲ್ರಿ" ಎಂದಳು.

ಅವರು ತಲೆಯಾಡಿಸಿ ನನ್ನ ಕಡೆ ತಿರುಗಿದರು. ಅವರ ಕೈ ನನ್ನ ತಲೆಯ ಮೇಲೆ ಬಂತು. ಎಲ್ಲಿಂದ ಬಂದಿರಿ, ಸೆರಗು ಯಾಕೆ ಒದ್ದೆಯಾಗಿದೆ ಎಂದು ಅವರು ಇನ್ನೊಂದು ಮಾತು ಕೇಳಿದ್ದರೆ! ಆದರೆ ಹಿಂದೆ ಜನ ಸಾಲುಗಟ್ಟಿ ನಿಂತಿದ್ದರು. ಅವರದೂ ತಪ್ಪಲ್ಲ.

ಡಿಗ್ರಿ ಮುಗಿದ ಮೇಲೆ ದೂರದ ಊರೊಂದರಲ್ಲಿ ಹೆಣ್ಣುಮಕ್ಕಳಿಗೆ ಸೇವಾ ತರಬೇತಿ ಕೊಡುವ ಜಾಗಕ್ಕೆ ನನ್ನನ್ನು ಕಳುಹಿಸಿದರು. ಅವ್ವ ಸ್ಟೇಷನ್ನಿನಲ್ಲಿ ನಿಂತು ಅತ್ತಳು, ಸಂತೋಷಕ್ಕೆ. ಅಲ್ಲಿ ವಾಕ್ಯ ವಿವರಿಸುವುದು, ಹಳ್ಳಿಗಳಿಗೆ ಹೋಗಿ ಮಾತಾಡುವುದು, ಕೂಟ ನಡೆಸುವುದು ಎಲ್ಲವನ್ನೂ ಕಲಿಸಿದರು. ನಾನು ಶ್ರದ್ಧೆಯಿಂದಲೇ ಕಲಿತೆ. ಆದರೆ ಜನರ ಮುಂದೆ ನಿಂತರೆ ನನ್ನ ಬಾಯಿ ಒಣಗಿ, ಬಾಯಿಪಾಠ ಮಾಡಿದ್ದು ಒಂದೊಂದೇ ತುಂಡಾಗಿ ಉದುರುತ್ತಿತ್ತು. ಕೇಳುವವರು ಮರ್ಯಾದೆಗೆ ಕೂತಿರುತ್ತಿದ್ದರು. ಹೆದರಿಕೆ ಒಂದು ದಿನ ಹೋಗುತ್ತದೆ ಎಂದು ಎಲ್ಲರೂ ಹೇಳಿದರು. ಹೆದರಿಕೆ ಹೋಯಿತು. ಅದು ಹೋದ ಮೇಲೆ ಅದರ ಹಿಂದೆ ಏನೂ ಇಲ್ಲವೆಂದು ತಿಳಿಯಿತು.

ಅಲ್ಲಿನ ಹಿರಿಯ ಶಿಕ್ಷಕಿಯೊಬ್ಬರು ಒಂದು ಮಧ್ಯಾಹ್ನ ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿಕೊಂಡು ಕೇಳಿದರು. "ದೇವರು ಹತ್ತಿರದಲ್ಲೇ ಇದ್ದಾನೆ ಅಂತ ನಿನಗೆ ಯಾವಾಗಾದರೂ ಅನ್ನಿಸಿದೆಯಾ? ಯೋಚನೆ ಮಾಡಿ ಹೇಳು."

ನಾನು ಲೈನಿನ ಆ ಮನೆಯ ಕಥೆ ಹೇಳಿದೆ. ಅವರು ಕೊನೆವರೆಗೂ ಕೇಳಿ ಹೇಳಿದರು.

"ನಿನಗೆ ಕರೆ ಇದೆಯೋ ಇಲ್ಲವೋ ನಾನು ಹೇಳಲಾರೆ. ಆದರೆ ನಿನ್ನ ತಾಯಿಗಿದೆ. ಇದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ?"

ರಜೆಗೆ ಬಂದಾಗ ನಾನೇ ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ನಕ್ಕಳು. "ಹುಚ್ಚಿ! ಸತ್ತವರ ಮನಿಗೆ ಹೋಗಿ ಕುಂಡ್ರೂದು ಯಾರಿಗೆ ಬರೂದಿಲ್ಲ? ಅದಕ್ಯಾಕ ಕರೆ ಬೇಕು? ನೀ ನಿನ್ನ ಕರೆ ನೋಡ್ಕೋ." ನಾನು ಮತ್ತೆ ಹೇಳಲು ಹೋದಾಗ ಅವಳ ಮುಖ ಗಂಭೀರವಾಯಿತು. "ನೀ ಯಾಕ ಹಿಂಗ ಮಾತಾಡ್ತಿ? ಅಲ್ಲಿ ಏನಾರ ಆಗೇತೇನು?"

ಆ ವರ್ಷ ಮುಗಿದ ಮೇಲೆ ನಾನು ತಿರುಗಿ ಹೋಗಲಿಲ್ಲ. ಶಿಕ್ಷಕಿಯೇ ಮನೆಗೆ ಹೋಗಲು ಹೇಳಿದ್ದರು, ಪ್ರೀತಿಯಿಂದಲೇ. ಅವ್ವ ನನ್ನನ್ನು ಬಯ್ಯಲಿಲ್ಲ. ಅಂದು ಊಟಕ್ಕೆ ಬಡಿಸಿ, ತಾನು ಉಣ್ಣದೆ, ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಳು.

"ನಿಂದೇನೂ ತಪ್ಪಿಲ್ಲವ್ವಾ. ಹರಕಿ ಹೊತ್ತಾಕಿ ನಾನು. ಹೊತ್ತು ಸುಮ್ಮನ ಆದೆ. ನಿನಗಾಗಿ ಕುಂತು ಪ್ರಾರ್ಥನಿ ಮಾಡೂದು ಬಿಟ್ಟು ಮಂದಿ ಮನಿ ಮಂದಿ ಮನಿ ಅಂತ ತಿರುಗಿದೆ."

ಅಪ್ಪ ಹಾಗಲ್ಲವೆಂದರು. ನಾನೂ ಹಾಗಲ್ಲವೆಂದು ಅತ್ತೆ. ಅವ್ವ ಕೇಳಲಿಲ್ಲ. ಅವತ್ತಿನಿಂದ ಅವಳು ಸಾವಿನ ಮನೆಗಳಿಗೆ ಹೋಗುವುದನ್ನು ನಿಲ್ಲಿಸಿದಳು. ನನ್ನ ಕರೆ ಹಣ್ಣಾಗಲೆಂದು ಬೆಳಗಿನ ಹೊತ್ತೆಲ್ಲ ಬಾಗಿಲು ಹಾಕಿಕೊಂಡು ಪ್ರಾರ್ಥಿಸತೊಡಗಿದಳು. ಯಾರಾದರೂ ಬಂದು ಬಾಗಿಲು ಬಡಿದರೆ, "ನಮ್ಮವರು ಪ್ರಾರ್ಥನೆಯಲ್ಲಿದ್ದಾರೆ" ಎಂದು ಅಪ್ಪ ಹೇಳಬೇಕಾಗಿತ್ತು. ಹಾಗೆ ಹೇಳುವಾಗ ಅಪ್ಪನ ತಲೆ ಬಗ್ಗಿರುತ್ತಿತ್ತು.

ಗಣಿ ಮುಚ್ಚಿದ್ದು ಅದೇ ಹೊತ್ತಿಗೆ. ಲೈನು ಮನೆಗಳಿಗೆ ಅಂಥ ಕೆಟ್ಟ ಕಾಲ ಹಿಂದೆಂದೂ ಬಂದಿರಲಿಲ್ಲ. ಕೆಲಸ ಹೋದ ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಸಿಕ್ಕ ಕೂಲಿ ಮಾಡಿ ಬರುತ್ತಿದ್ದರು, ಹೋಗಲಾರದವರು ಮನೆಯ ಮುಂದೆ ಕೂತು ಕೆಮ್ಮುತ್ತಿದ್ದರು. ಮನಸ್ಸು ಮುರಿದು ಹೋದವರು, ಕುಡಿದು ಹೋದವರು, ಎದೆಯ ಕಾಯಿಲೆಯಿಂದ ಹೋದವರು. ಸಾವಿನ ಮನೆಯಿಂದ ಸಾವಿನ ಮನೆಗೆ ಜನ ನಡೆಯುತ್ತಿದ್ದ ದಿನಗಳವು. ಅವ್ವನಂಥ ಒಬ್ಬಳು ಬೇಕಾಗಿದ್ದ ಕಾಲವೆಂದರೆ ಅದೇ. ನಮ್ಮ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಅವ್ವ ನನ್ನ ಹೆಸರು ಹಿಡಿದು ದೇವರನ್ನು ಬೇಡುತ್ತಿದ್ದಳು.

ಸ್ವಲ್ಪ ಕಾಲಕ್ಕೆ ಬಾಗಿಲು ಬಡಿಯುವವರೂ ನಿಂತರು.

ನನಗೆ ಬಂಗಾರಪೇಟೆಯಲ್ಲಿ ರೈಲ್ವೆ ಕೆಲಸದಲ್ಲಿದ್ದವರೊಬ್ಬರ ಜೊತೆ ಮದುವೆಯಾಯಿತು. ಅಲ್ಲೇ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುವ ಕೆಲಸವೂ ಸಿಕ್ಕಿತು. ಮಕ್ಕಳಿಗೆ ಒತ್ತಕ್ಷರ ಕಲಿಸುವುದು ನನಗೆ ಇಷ್ಟ, ಇವತ್ತಿಗೂ ಇಷ್ಟ. ಆದರೆ ಅವ್ವನ ಕಣ್ಣಿಗೆ ಅದು ಕರೆಯಲ್ಲ. ಪ್ರತಿ ಸಲ ಸಿಕ್ಕಾಗಲೂ ಕಾಫಿ ಲೋಟ ಕೈಗೆ ಕೊಡುತ್ತ ಮೆಲ್ಲಗೆ ಕೇಳುವಳು, "ಏನಾರ ತಿಳೀತೇನವ್ವಾ?" ಇಲ್ಲವೆಂದರೆ, "ತಿಳೀತೈತಿ, ತಿಳೀತೈತಿ" ಎಂದು ನನಗೇ ಸಮಾಧಾನ ಹೇಳುವಳು. ಹೀಗೆಯೇ ನನ್ನ ಮಕ್ಕಳು ದೊಡ್ಡವರಾದರು.

ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಡಬೇಕಾದಾಗ ಇಬ್ಬರೂ ಬಂಗಾರಪೇಟೆಗೆ ಬಂದು ನಮ್ಮ ಬೀದಿಯಲ್ಲೇ ಮನೆ ಮಾಡಿದರು. ಕೆಲವು ವರ್ಷಕ್ಕೆ ಅಪ್ಪ ತೀರಿಕೊಂಡರು. ಅವ್ವನನ್ನು ನಮ್ಮ ಮನೆಗೆ ಕರೆತಂದೆ. ಅವಳ ಮೊಣಕಾಲುಗಳು ಆಗಲೇ ಹೋಗಿದ್ದವು. ಪ್ರಾರ್ಥನೆಗೆ ಕುರ್ಚಿಯ ಮೇಲೆ ಕೂರಬೇಕಾಗಿತ್ತು.

ನಮಗೆ ಹಾಲು ಹಾಕುತ್ತಿದ್ದದ್ದು ಬೂದಿಕೋಟೆ ಕಡೆಯ ಹಳ್ಳಿಯ ಒಬ್ಬ ಹೆಂಗಸು. ಎರಡು ಹಸು ಕಟ್ಟಿಕೊಂಡು, ಬೆಳಗಿನ ಬಸ್ಸಿನಲ್ಲಿ ಕ್ಯಾನು ತರುತ್ತಿದ್ದವರು. ಬಾಯಿ ಜೋರು. ನಮ್ಮ ಬೀದಿಯ ಎಲ್ಲರ ಸುದ್ದಿಯೂ ಅವರ ಬಾಯಲ್ಲಿ ಇರುತ್ತಿತ್ತು. ಒಂದು ಸಲ ಇದ್ದಕ್ಕಿದ್ದಂತೆ ಬರುವುದು ನಿಂತಿತು. ಮದುವೆಯಾಗಿ ಹೋಗಿದ್ದ ಅವರ ಮಗಳು ಜ್ವರ ಬಂದು ತೀರಿಕೊಂಡಳೆಂದು ಆಮೇಲೆ ತಿಳಿಯಿತು.

ಸುಮಾರು ದಿನಗಳಾದ ಮೇಲೆ ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದೆ. ಮನೆಯ ಮೆಟ್ಟಿಲ ಮೇಲೆ ಆ ಹೆಂಗಸು ಕೂತಿದ್ದರು, ಖಾಲಿ ಕ್ಯಾನು ಪಕ್ಕದಲ್ಲಿ. ಅವರ ಪಕ್ಕದಲ್ಲಿ ಅವ್ವ. ಕೆಳಗೆ ಕೂರಲಾಗದ ಅವ್ವ ಆ ಮೆಟ್ಟಿಲಿಗೆ ಹೇಗೆ ಇಳಿದಳೋ, ಯಾರು ಹಿಡಿದು ಕೂರಿಸಿದರೋ! ಇಬ್ಬರೂ ಮಾತಾಡುತ್ತಿರಲಿಲ್ಲ. ಅವ್ವನ ಕೈ ಆಕೆಯ ಬೆನ್ನಿನ ಮೇಲಿತ್ತು. ಅಷ್ಟು ವರ್ಷ ನಾನು ಮರೆತೇಬಿಟ್ಟಿದ್ದ ಮುಖವೊಂದು ಅವ್ವನಿಗೆ ತಿರುಗಿ ಬಂದಿತ್ತು. ನಾನು ಗೇಟಿನ ಹತ್ತಿರವೇ ನಿಂತೆ.

ತುಂಬ ಹೊತ್ತಿಗೆ ಆ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ನನ್ನ ಹತ್ತಿರ ಬಂದು ಹೇಳಿದರು. "ಎಲ್ರೂ ಅದೇಳ್ತಾರೆ ಇದೇಳ್ತಾರೆ ಕಣಮ್ಮ, ಧೈರ್ಯ ತಕೋ ಅಂತಾರೆ. ನಿಮ್ಮಮ್ಮ ಏನೂ ಏಳ್ನಿಲ್ಲ. ಸುಮ್ಕೆ ಕುಂತ್ಕಂಡ್ರು. ಇವತ್ತೇ ಕಣಮ್ಮ ನಂಗೆ ಒಸಿ ಉಸ್ರು ಬಂದಿದ್ದು. ಬತ್ತೀನಿ."

ಅವರು ಹೋದ ಮೇಲೆ ನಾನು ಅವ್ವನ ಪಕ್ಕ ಕೂತೆ. ಹಿಂದೆ ಹೇಳಿ ನಗೆಗೀಡಾಗಿದ್ದ ಮಾತನ್ನೇ ಮತ್ತೆ ಹೇಳಿದೆ. "ಅವ್ವಾ, ಇದೇ ಕರೆ. ಇದು ನಿಂದು. ಮೊದಲಿನಿಂದ ನಿಂದೇ."

ಈ ಸಲ ಅವ್ವ ನಗಲಿಲ್ಲ. ಬೀದಿಯ ಕಡೆ ನೋಡುತ್ತ ಕೂತಳು. ಎದುರು ಮನೆಯವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಅವರು ಒಂದೊಂದೇ ಬಟ್ಟೆ ತೆಗೆದು ಒಳಗೆ ಹೋದರು.

"ಇದು ಕರೆ ಹೌದಂದ್ರ," ಎಂದಳು ಆಮೇಲೆ, "ನಾ ಎಷ್ಟ ವರ್ಷ ಬಾಗಲಾ ಹಾಕ್ಕೊಂಡು ಕುಂತೆನಲ್ಲವ್ವಾ."

ನಿನ್ನ ಪ್ರಾರ್ಥನೆ ವ್ಯರ್ಥವಾಗಲಿಲ್ಲ ಅವ್ವಾ, ದೇವರಿಗೆ ಎಲ್ಲ ಗೊತ್ತು ಎಂದು ಏನೇನೋ ಹೇಳಿದೆ. ಅವ್ವ ನನ್ನ ಕೈ ತಟ್ಟಿದಳು. "ಇರಲಿ, ಇರಲಿ" ಎಂದಳು. ಹಿಡಿದು ಎಬ್ಬಿಸು ಎಂದು ಕೈ ಚಾಚಿದಳು.

ಆ ಮಾತು ನಾನು ಆಡಬೇಕಿತ್ತೋ ಬಾರದಿತ್ತೋ ಇವತ್ತಿಗೂ ನನಗೆ ಗೊತ್ತಿಲ್ಲ. ತನ್ನದು ಯಾವುದೆಂದು ತಿಳಿಯದೆಯೇ ಅವಳು ಹೋಗಿಬಿಟ್ಟಿದ್ದರೆ ಅದೂ ಅನ್ಯಾಯ. ಆದರೆ ತಿಳಿದದ್ದು ಅವಳ ಕಾಲು ನಡೆಯಲಾರದಂತಾದ ಮೇಲೆ. ಆಮೇಲೆ ಅವ್ವ ನನ್ನ ಕರೆಯ ಬಗ್ಗೆ ಕೇಳುವುದನ್ನು ಬಿಟ್ಟಳು. ಅದರ ಬದಲು ಊರಿಗಾಂನವರ ಬಗ್ಗೆ ಕೇಳುವಳು. ಆ ಲೈನಿನ ಕೊನೆ ಮನೆಯಾಕೆ ಏನಾದಳು? ಅವಳ ಗಂಡ ಸತ್ತಾಗ ಯಾರು ಹೋಗಿದ್ದರು? ನನಗೆ ಗೊತ್ತಿರುತ್ತಿರಲಿಲ್ಲ. ಒಂದು ದಿನ, "ಒಮ್ಮೆ ಅಲ್ಲಿಗೆ ಕರಕೊಂಡು ಹೋಗು" ಎಂದಳು. ಹೋದೆವು, ಆಟೋ ಮಾಡಿಕೊಂಡು. ಎಷ್ಟೋ ಮನೆಗಳಿಗೆ ಬೀಗ. ಇದ್ದವರಲ್ಲಿ ಹೆಚ್ಚಿನವರು ಹೊಸಬರು, ಇಲ್ಲ ಹಳಬರ ಮಕ್ಕಳು. ಒಬ್ಬ ಮುದುಕಿ ಮಾತ್ರ ಅವ್ವನನ್ನು ಗುರುತು ಹಿಡಿದರು. "ಏನಕ್ಕಾ, ಬರೋದೇ ಬಿಟ್ಬಿಟ್ರಿ" ಎಂದರು. ಅವರಿಗೆ ಸಿಟ್ಟಿರಲಿಲ್ಲ, ಸುಮ್ಮನೆ ಕೇಳಿದ ಮಾತು. ಅವ್ವ ಅವರ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತೆಂದಳು. ಮುದುಕಿಗೆ ಅರ್ಥವಾಗಲಿಲ್ಲ. ನಕ್ಕು ಟೀ ಕುಡಿಯುವಂತೆ ಒತ್ತಾಯ ಮಾಡಿದರು.

ಅದಾದ ಮುಂದಿನ ಮಳೆಗಾಲದಲ್ಲಿ ಅವ್ವ ಹೋದಳು. ಅಂತ್ಯಕ್ರಿಯೆಗೆ ಹೆಚ್ಚು ಜನ ಇರಲಿಲ್ಲ. ಅವಳು ಯಾರ ಯಾರ ಪಕ್ಕ ಕೂತಿದ್ದಳೋ ಅವರಲ್ಲಿ ಬಹಳ ಮಂದಿ ಅವಳಿಗಿಂತ ಮೊದಲೇ ಹೋಗಿದ್ದರು. ಸಭಾಪಾಲಕರು ಹೊಸಬರು, ಒಳ್ಳೆಯ ಹುಡುಗ. ಅವ್ವ ಪ್ರಾರ್ಥನಾವೀರೆಯಾಗಿದ್ದಳೆಂದು ಹೊಗಳಿದರು. ನಾನು ತಲೆ ತಗ್ಗಿಸಿ ಕೇಳಿದೆ. ಅದು ಸುಳ್ಳೇನಲ್ಲ.

ಈಗ ನಮ್ಮ ಸಭೆಯಲ್ಲಿ ಮಕ್ಕಳ ಬಗ್ಗೆ ಯಾರಾದರೂ "ದೇವರು ಇವನನ್ನು ದೊಡ್ಡ ಕೆಲಸಕ್ಕೆ ಬಳಸುತ್ತಾನೆ" ಎಂದರೆ ನನಗೆ ಕಳವಳವಾಗುತ್ತದೆ. ಬಳಸಲಿ. ಆದರೆ ದೇವರು ಒಬ್ಬೊಬ್ಬರಿಗೆ ಕೊಡುವುದು ಸದ್ದಿಲ್ಲದೆ ಬಂದಿರುತ್ತದೆ, ನಮ್ಮ ಕೈ ಅದನ್ನು ಆಗಲೇ ಮಾಡುತ್ತಿರುತ್ತದೆ. ಅದಕ್ಕೆ ನೀರು ಹಾಕುವವರು ಬೇಕು. ಅವ್ವ ತನ್ನ ನೀರನ್ನೆಲ್ಲ ತಂದು ಇಲ್ಲದ ಗಿಡದ ಬುಡಕ್ಕೆ ಸುರಿದಳು. ಇದ್ದದ್ದು ಒಣಗಿತು. ಇದನ್ನು ಯಾರ ಮೇಲೆ ಹೊರಿಸಲಿ? ಅವಳ ಪ್ರೀತಿಯ ಮೇಲೆಯೇ?

ಅವ್ವ ಹೋದ ಮೇಲೆ ನಾನು ಸಾವಿನ ಮನೆಗಳಿಗೆ ಹೋಗತೊಡಗಿದ್ದೇನೆ. ಅವಳಿಗೆ ಬರುತ್ತಿದ್ದದ್ದು ನನಗೆ ಬರುವುದಿಲ್ಲ. ಅವಳು ಹೋಗುತ್ತಲೇ ಇದ್ದಿದ್ದರೆ, ನಾನೂ ಜೊತೆಗೆ ಹೋಗಿ ಕಲಿಯಬಹುದಿತ್ತು. ಹೋದ ತಿಂಗಳು ನಮ್ಮ ಶಾಲೆಯ ಗಣಿತದ ಟೀಚರ್ ಒಬ್ಬರ ತಾಯಿ ತೀರಿಕೊಂಡರು. ಹೋದೆ. ಹೋಗಿ ಕೂತವಳು ಸುಮ್ಮನಿರಲಾಗದೆ ಮಾತಾಡಿದೆ. ತಾಯಿಯೆಂದರೆ ಹೀಗೆ, ದೇವರ ಚಿತ್ತವೆಂದರೆ ಹಾಗೆ ಎಂದು. ಆಕೆ ಮೆಲ್ಲಗೆ ನನ್ನ ಮುಂಗೈ ಹಿಡಿದರು.

"ಮೇಡಂ, ಮಾತು ಬೇಡ. ಸ್ವಲ್ಪ ಹೊತ್ತು ಇರ್ತೀರಾ?"

"ಇರ್ತೀನಿ," ಎಂದೆ.

ಮಧ್ಯಾಹ್ನ ಕಳೆಯಿತು. ಬಂದವರು ಹೋದರು, ಹೊಸಬರು ಬಂದರು. ನನ್ನ ಕಾಲು ಮರಗಟ್ಟಿತು. ಒಳಗೆ ಏನೂ ಅನ್ನಿಸಲಿಲ್ಲ, ಯಾರೂ ಬಂದು ಕೂತಂತೆಯೂ ಆಗಲಿಲ್ಲ. ಆಕೆ ನನ್ನ ಕೈ ಬಿಟ್ಟಿರಲಿಲ್ಲವಾಗಿ ನಾನು ಏಳಲಿಲ್ಲ.